ಗೆರೆ ಯಾಕೆ ನಡುಗಿತು?

"ಈ ಗೆರೆ ಯಾಕೆ ನಡುಗುತ್ತೆ?"

ಅವನು ಅವಳನ್ನು ಕೇಳಿದ ಮೊಟ್ಟಮೊದಲ ಮಾತೇ ಇದು. ನಮಸ್ಕಾರ ಇಲ್ಲ, ಬನ್ನಿ ಕೂತ್ಕೊಳ್ಳಿ ಅನ್ನೋದಿಲ್ಲ, ನೀರು ಬೇಕಾ ಅನ್ನೋದೂ ಇಲ್ಲ!



ಪರದೆ ಎಳೆದು ಕತ್ತಲು ಮಾಡಿದ್ದ ಉದ್ದನೆಯ ಕೋಣೆ. ಎದುರಿನ ಗೋಡೆಯ ತುಂಬ, ಪ್ರೊಜೆಕ್ಟರಿನ ಬೆಳಕಲ್ಲಿ, ಅವಳದೇ ಪುಸ್ತಕದ ಒಂದು ಪುಟ. ತೊಡೆಯ ಮೇಲಿಟ್ಟುಕೊಂಡು ಓದುವಷ್ಟು ಚಿಕ್ಕದಾಗಿದ್ದ ಪುಟ ಈಗ ಬಾಗಿಲಿಗಿಂತ ದೊಡ್ಡದಾಗಿ ನಿಂತಿತ್ತು. ಗೋಡೆಗೆ ಅಂಟಿಕೊಂಡಂತೆ ನಿಂತಿದ್ದ ಅವನು, ಚಿತ್ರದ ಹುಡುಗಿಯ ಕೆನ್ನೆಯ ಗೆರೆಯ ಮೇಲೆ ಮೆಲ್ಲಗೆ ಬೆರಳಾಡಿಸುತ್ತಿದ್ದ. ಹುಡುಗಿಯ ಅರ್ಧ ಮುಖ ಅವನ ಬಿಳಿ ಅಂಗಿಯ ಮೇಲೇ ಬಿದ್ದಿತ್ತು.

ಅಷ್ಟು ದೊಡ್ಡದಾದಾಗ ಏನು ತಾನೇ ಮುಚ್ಚಿಡಲು ಆಗುತ್ತದೆ? ಕೂದಲೆಳೆಯಷ್ಟಿದ್ದ ನಡುಕ ಅಲ್ಲಿ ಅಲೆ ಅಲೆಯಾಗಿ ಕಾಣುತ್ತಿತ್ತು.

ಅವಳು ಬಲಗೈಯನ್ನು ಹೆಗಲಿನ ಚೀಲದೊಳಗೆ ತೂರಿಸಿಕೊಂಡಳು. ಒಳಗೆ ಕೈ ಅದರ ಪಾಡಿಗೆ ಅದು ನಡುಗುತ್ತಲೇ ಇತ್ತು.

'ಗೊತ್ತಾಗೋಯ್ತಾ? ಬಂದು ಐದು ನಿಮಿಷ ಆಗಿಲ್ಲ, ಆಗಲೇ ಗೊತ್ತಾಗೋಯ್ತಾ?'

ಅವಳು ಯಾರು ಅಂತ ಮೊದಲು ಹೇಳಿಬಿಡೋಣ. ಕಾಮಿಕ್ಸ್ ಬರೆಯುವವಳು. ಮನೆಯಲ್ಲಿ ಅವಳನ್ನು ಕರೆಯುವುದು 'ಮಸಿ' ಅಂತ. ಮಾತು ಬರುವ ಮೊದಲೇ ಮಸಿ ಬಾಟಲಿಗೆ ಕೈ ಅದ್ದಿ ಗೋಡೆ ತುಂಬ ಹಸ್ತ ಒತ್ತಿದವಳು. ಅಕ್ಕ ಅವತ್ತು ಇಟ್ಟ ಹೆಸರು ಇವತ್ತಿಗೂ ಬಿಟ್ಟಿಲ್ಲ. ನಾವೂ ಹಾಗೇ ಕರೆಯೋಣ.

ಮಸಿ ಬರೆದ ಚಿತ್ರಕಾದಂಬರಿ ಓದುಗರಿಗೆ ಹುಚ್ಚು ಹಿಡಿಸಿತ್ತು. ರೈಲು ನಿಲ್ದಾಣದಲ್ಲಿ ಕಳೆದುಹೋದ ಸಾಮಾನು ಕಾಯುವ ಒಬ್ಬ ಹುಡುಗಿ. ಕೊಡೆ ಕಳೆದುಕೊಂಡ ಒಬ್ಬ ಹುಡುಗ. ಕೊಡೆ ಮೊದಲ ದಿನವೇ ಸಿಕ್ಕಿರುತ್ತದೆ, ಆದರೆ ಅವಳು ಕೊಡುವುದಿಲ್ಲ. "ಇನ್ನೂ ಸಿಕ್ಕಿಲ್ಲ, ಮುಂದಿನ ವಾರ ಬನ್ನಿ" ಅಂತ ಸುಳ್ಳಿನ ಮೇಲೆ ಸುಳ್ಳು ಹೇಳುತ್ತಾಳೆ. ಯಾಕೆ? ಅವನು ಮತ್ತೆ ಬರಲಿ ಅಂತ! ಕಪ್ಪು ಮಸಿ, ಇಟ್ಟಿಗೆ ಬಣ್ಣ, ಅಷ್ಟು ಬಿಟ್ಟರೆ ಮೂರನೆಯ ಬಣ್ಣವೇ ಇಲ್ಲದ ಪುಸ್ತಕ. ಅದೀಗ ಪೂರ್ತಿ ಅನಿಮೇಷನ್ ಸಿನಿಮಾ ಆಗುತ್ತಿತ್ತು.

ಪುಸ್ತಕದಲ್ಲಿ ಹೇಗಿದೆಯೋ ತೆರೆಯ ಮೇಲೂ ಹಾಗೇ ಇರಬೇಕು ಅನ್ನುವುದು ನಿರ್ದೇಶಕಿಯ ಹಟ. ಗುಡುಗಿನಂಥ ಗಂಟಲಿನ, ಮಗುವಿನಂಥ ಮನಸ್ಸಿನ ಹೆಂಗಸು. ಆ ಹಟವನ್ನು ಗೆಲ್ಲಿಸಿಕೊಡುವ ಕೆಲಸ ಮಾತ್ರ ಗೋಡೆಯ ಮುಂದೆ ನಿಂತಿದ್ದ ಇವನದು. ಹತ್ತಾರು ಕಲಾವಿದರಿಗೆ ಒಬ್ಬಳ ಕೈಬರಹ ಕಲಿಸಿ, ಸಾವಿರಾರು ಚಿತ್ರಗಳನ್ನು ಅದೇ ಕೈ ಬರೆದಂತೆ ಮಾಡಿಸುವವನು. ಸ್ಟುಡಿಯೋದಲ್ಲಿ ಎಲ್ಲರ ಬಾಯಲ್ಲೂ ಅವನು 'ಗೆರೆ ಮೇಷ್ಟ್ರು'.

"ಮೇಷ್ಟ್ರೇ, ಪಾಪ, ಈಗ ತಾನೇ ಬಂದಿದಾಳೆ. ಉಸಿರಾಡೋಕೆ ಬಿಡಿ," ಅಂದಳು ನಿರ್ದೇಶಕಿ.

"ಉಸಿರಾಡಲಿ. ಆದ್ರೆ ಉತ್ತರ ನಂಗೆ ಗೊತ್ತು ಅನ್ಸುತ್ತೆ." ಅವನು ತಿರುಗಿದ. ಕಣ್ಣು ಹೊಳೆಯುತ್ತಿತ್ತು. "ಪುಸ್ತಕ ಎಷ್ಟು ಸಲ ಓದಿದೀನೋ ಲೆಕ್ಕ ಇಲ್ಲ, ಮೇಡಂ. ಎಲ್ಲಾ ಕಡೆ ಗೆರೆ ನಡುಗಲ್ಲ. ಆ ಹುಡುಗಿ ಸುಳ್ಳು ಹೇಳುವಾಗ ಮಾತ್ರ ನಡುಗುತ್ತೆ. ಅವಳ ಮುಖ ನಡುಗುತ್ತೆ, ಕೌಂಟರ್ ನಡುಗುತ್ತೆ, ಹಿಂದಿರೋ ಕಪಾಟು ಕೂಡ ನಡುಗುತ್ತೆ! ನಿಜ ಹೇಳುವಾಗ ಎಲ್ಲಾ ನೇರ. ಸರಿ ತಾನೇ?"

ಕೋಣೆಯಲ್ಲಿದ್ದವರೆಲ್ಲ ಅವಳನ್ನೇ ನೋಡಿದರು.

ಸರಿಯಲ್ಲ. ಸರಿಯೇ ಅಲ್ಲ! ನಡೆದದ್ದು ಬೇರೆ. ಮಸಿ ಸುಲಭದ ದೃಶ್ಯಗಳನ್ನೆಲ್ಲ ಮೊದಲೇ ಬರೆದು ಮುಗಿಸಿದ್ದಳು. ಸುಳ್ಳು ಹೇಳುವವರ ಮುಖ ಬರೆಯುವುದು ಕಷ್ಟ ಅಂತ ಆ ಪುಟಗಳನ್ನೆಲ್ಲ ಕೊನೆಗೆ ಉಳಿಸಿಕೊಂಡಿದ್ದಳು. ಅವುಗಳ ಸರದಿ ಬರುವ ಹೊತ್ತಿಗೆ ಕೈಗೆ ನಡುಕ ಬಂದಿತ್ತು.

ಅಪ್ಪನಿಗೂ ಇತ್ತು ಈ ನಡುಕ. ಅಪ್ಪನಿಗೆ ಬಂದದ್ದು ಮುಪ್ಪಿನಲ್ಲಿ, ಇವಳಿಗೆ ಮೂವತ್ತು ತುಂಬುವ ಮೊದಲೇ. "ಪ್ರಾಣಕ್ಕೇನೂ ಅಪಾಯ ಇಲ್ಲಮ್ಮ. ಆದ್ರೆ ಪೂರ್ತಿ ಹೋಗೋದೂ ಇಲ್ಲ. ಗಾಬರಿಯಾದ್ರೆ, ಯಾರಾದ್ರೂ ನೋಡ್ತಿದ್ರೆ ಜಾಸ್ತಿ ಆಗುತ್ತೆ," ಅಂದಿದ್ದರು ಡಾಕ್ಟರು. ಪುಸ್ತಕ ಹೊರಬಂದಾಗ ಎಲ್ಲರೂ 'ನಡುಗುವ ಗೆರೆಯ ಹೊಸ ಶೈಲಿ' ಅಂತ ತಲೆಯ ಮೇಲೆ ಹೊತ್ತು ಮೆರೆಸಿದರು. ಅವಳು ಸುಮ್ಮನಿದ್ದುಬಿಟ್ಟಳು. ಈಗ ಪ್ರಕಾಶಕರು ಎರಡನೆಯ ಪುಸ್ತಕ ಕೇಳುತ್ತಿದ್ದರು. ಕೈ ಹೋಗಿದೆ ಅಂತ ಗೊತ್ತಾದರೆ ಕೇಳುತ್ತಾರಾ? ಚಿತ್ರ ಬರೆಯುವುದು ಬಿಟ್ಟರೆ ಬೇರೇನು ಬರುತ್ತದೆ ಅವಳಿಗೆ?

"ಸರಿ ತಾನೇ, ಮೇಡಂ?" ಅವನು ಮತ್ತೆ ಕೇಳಿದ.

"...ಹೌದು," ಅಂದಳು ಮಸಿ.

ಒಂದೇ ಒಂದು ಮಾತು!

"ನಾನು ಹೇಳಲಿಲ್ವಾ!" ಅವನು ಚಿಕ್ಕ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. ಕೂಡಲೇ ಹೋಗಿ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ: 'ಸುಳ್ಳಾದರೆ ನಡುಕ, ನಿಜವಾದರೆ ನೇರ.' ಸಿನಿಮಾ ಪೂರ್ತಿ ನಿಲ್ಲುವುದು ಆ ಒಂದು ನಿಯಮದ ಮೇಲೆ ಅಂತ ಅವತ್ತೇ ತೀರ್ಮಾನವಾಯಿತು.

ಮಸಿಗೆ ಗಂಡಾಂತರ ತಪ್ಪಿದಂತಾಯಿತು. ಪೆದ್ದು ಹುಡುಗಿ! ಅದು ಶುರುವಾದದ್ದೇ ಅಲ್ಲಿಂದ.

* * *

ಸಲಹೆ ಕೊಡಲು ಅವಳು ದಿನವೂ ಸ್ಟುಡಿಯೋಗೆ ಬರಬೇಕಾಯಿತು.

ಕಲಾವಿದರು ನಡುಗುವ ಗೆರೆ ಕಲಿಯಲು ಪಟ್ಟ ಪಾಡು ಒಂದೆರಡಲ್ಲ. ಒಬ್ಬ ಎಡಗೈಯಲ್ಲಿ ಬರೆದು ನೋಡಿದ. ಇನ್ನೊಬ್ಬಳು ಪೆನ್ನಿನ ತುದಿ ಹಿಡಿದು, ಒಂಟಿ ಕಾಲಿನಲ್ಲಿ ನಿಂತು ಬರೆದಳು. ಮತ್ತೊಬ್ಬ ಲೋಟಗಟ್ಟಲೆ ಕಾಫಿ ಕುಡಿದು ಕೈ ನಡುಗಿಸಿಕೊಳ್ಳಲು ಹೋಗಿ, ಹೊಟ್ಟೆ ಕೆಟ್ಟು ಎರಡು ದಿನ ರಜೆ ಹಾಕಿದ. ಎಲ್ಲರೂ ನಗುತ್ತಿದ್ದರು, ಮಸಿಯೂ ನಗುತ್ತಿದ್ದಳು. ತಾನು ಯಾವುದನ್ನು ನಿಲ್ಲಿಸಲು ಹಗಲಿರುಳೂ ಬೇಡಿಕೊಳ್ಳುತ್ತಿದ್ದಳೋ ಅದನ್ನು ಇವರು ಕಷ್ಟಪಟ್ಟು ಕಲಿಯುತ್ತಿದ್ದಾರಲ್ಲ ಅಂತ ಒಳಗೊಳಗೇ ನೊಂದುಕೊಳ್ಳುತ್ತಿದ್ದಳು.

ಗೆರೆ ಮೇಷ್ಟ್ರಿಗೆ ಮಾತ್ರ ತೃಪ್ತಿಯೇ ಇಲ್ಲ.

"ನೋಡಿ, ಒಂದೊಂದು ಚಿತ್ರದಲ್ಲೂ ನಡುಕ ಬೇರೆ ಬೇರೆ ಆದ್ರೆ, ಓಡಿಸಿದಾಗ ತೆರೆ ಕುದಿಯೋ ಹಾಲಿನ ಥರ ಕಾಣುತ್ತೆ. ಪುಸ್ತಕ ಓದುವಾಗ ಹಾಗೆ ಅನ್ಸಲ್ಲ. ಓದೋರು ಒಂದು ಚಿತ್ರದ ಮೇಲೆ ನಿಲ್ತಾರೆ. ನಾವೂ ನಿಲ್ಲಬೇಕು," ಅಂತ ಒಂದೇ ಚಿತ್ರವನ್ನು ತುಸು ಹೊತ್ತು ಹಾಗೇ ಹಿಡಿದಿಟ್ಟು ತೋರಿಸಿದ. ತೆರೆಯ ಮೇಲಿನ ಹುಡುಗಿ ಉಸಿರು ಬಿಗಿಹಿಡಿದು ಸುಳ್ಳು ಹೇಳಿದಳು. ಗೆರೆ ಮೆಲ್ಲಗೆ ಅದುರಿತು.

ಮಸಿಯ ಕಣ್ಣು ತುಂಬಿಬಂತು. ಅದು ಅವಳ ಪುಟವೇ. ಅವಳ ಪುಟಕ್ಕೇ ಜೀವ ಬಂದಿತ್ತು!

"ಚೆನ್ನಾಗಿಲ್ವಾ?" ಅವನು ಗಾಬರಿಯಾದ.

"ತುಂಬಾ ಚೆನ್ನಾಗಿದೆ."

"ಮತ್ತೆ ಅಳ್ತಿದೀರಿ?"

"ಚೆನ್ನಾಗಿರೋದಕ್ಕೇ."

ಅವನು ನಕ್ಕ. ಕಾಲರಿನ ಮೇಲೆ ಮಸಿ ಕಲೆ, ಕಿವಿಯ ಹಿಂದೆ ಪೆನ್ಸಿಲ್, ಎರಡು ದಿನದ ಗಡ್ಡ. ಅಂಥ ಅವತಾರದಲ್ಲೂ ಆ ನಗು ನೇರವಾಗಿ ಬಂದು ಅವಳ ಎದೆಯೊಳಗೆ ಕೂತುಬಿಟ್ಟಿತು. ಆಮೇಲೆ ಏಳಲೇ ಇಲ್ಲ.

ದಿನ ಕಳೆದಂತೆ ಅವನು ಅವಳಿಗಾಗಿ ಕಿಟಕಿ ಪಕ್ಕದ ಕುರ್ಚಿ ಹಿಡಿದಿಡತೊಡಗಿದ. ಅವಳು ಬಾರದಿದ್ದರೆ "ಮೇಡಂ ಎಲ್ಲಿ?" ಅಂತ ಎಲ್ಲರನ್ನೂ ಕೇಳುತ್ತಿದ್ದನಂತೆ. ಮೇಡಂ ಹೋಗಿ 'ರೀ' ಬಂತು. "ರೀ, ಈ ಮೂಗು ನೋಡ್ರೀ. ಇದು ನಿಮ್ಮ ಮೂಗೇ ಅಲ್ವಾ? ಕದ್ದು ಅವಳಿಗೆ ಕೊಟ್ಟಿದೀರಿ!"

ಇಷ್ಟೆಲ್ಲ ಸಂತೋಷದ ಮಧ್ಯೆಯೂ ಮಸಿ ಮುಳ್ಳಿನ ಮೇಲೆ ಕೂತಂತಿದ್ದಳು. ಅವನ ಎದುರು ಬಲಗೈಯಲ್ಲಿ ಲೋಟ ಎತ್ತುತ್ತಿರಲಿಲ್ಲ. ಸಹಿ ಹಾಕಬೇಕಾದರೆ "ಮನೇಲಿ ಹಾಕ್ಕೊಂಡು ಬರ್ತೀನಿ" ಅನ್ನುತ್ತಿದ್ದಳು. ಅದರ ಮೇಲೆ ನಿರ್ದೇಶಕಿಯ ಹೊಸ ಉಪಾಯ ಬೇರೆ: ಸಿನಿಮಾದ ಕೊನೆಗೆ ಮಸಿ ಕ್ಯಾಮೆರಾದ ಎದುರು ಕೂತು ಆ ಹುಡುಗಿಯನ್ನು ಬರೆಯಬೇಕು. "ಬರೀ ಕೈ ತೋರಿಸ್ತೀನಿ. ಇಷ್ಟೆಲ್ಲ ಮಾಡಿದ ಆ ಕೈನ ಜನ ನೋಡಬೇಕು!"

ಜನ ನೋಡಬೇಕಂತೆ! ಮಸಿ ಅವತ್ತು ಮನೆಗೆ ಹೋದವಳೇ ಎಲ್ಲವನ್ನೂ ಅಕ್ಕನಿಗೆ ಹೇಳಿದಳು.

"ಹೇಳಿಬಿಡೇ," ಅಂದಳು ಅಕ್ಕ, ಒಗೆದ ಬಟ್ಟೆ ಮಡಿಸುತ್ತ. "ನೀನೇನು ಕದ್ದಿದೀಯಾ? ಕೈ ನಡುಗುತ್ತೆ, ಅಷ್ಟೇ."

"ಅಷ್ಟೇನಾ? ಅವರು ಮೆಚ್ಕೊಂಡಿರೋದೇ ಆ ನಡುಕಾನ, ಅಕ್ಕ. 'ಎಂಥಾ ಯೋಚನೆ ರೀ ನಿಮ್ದು' ಅಂತಾರೆ. ಅದು ಯೋಚನೆ ಅಲ್ಲ, ಕಾಯಿಲೆ ಅಂತ ಗೊತ್ತಾದ್ರೆ..."

"ಯಾರು? ನಿರ್ದೇಶಕೀನಾ, ಮೇಷ್ಟ್ರಾ?"

ಮಸಿ ಮುಖ ಆಚೆ ತಿರುಗಿಸಿ, ಮಡಿಸಿಟ್ಟ ಬಟ್ಟೆಯನ್ನೇ ಮತ್ತೆ ಮಡಿಸತೊಡಗಿದಳು.

"ಓಹೋ!" ಅಕ್ಕ ಮಡಿಸುತ್ತಿದ್ದ ಟವೆಲ್ ಕೆಳಗಿಟ್ಟಳು. "ಹಾಗೋ ಸಮಾಚಾರ!"

"ಅಕ್ಕ, ಸುಮ್ನಿರೇ!"

* * *

ಆ ಸ್ಟುಡಿಯೋದಲ್ಲಿ ಒಂದು ರೂಢಿ ಇತ್ತು. ಹೊಸದಾಗಿ ಬಂದವರು ಪಕ್ಕದಲ್ಲಿ ಕೂರುವವರ ಚಿತ್ರವನ್ನು ಚಹಾ ಕೋಣೆಯ ಗೋಡೆಯ ಮೇಲೆ ಬರೆದು, ಕೆಳಗೆ ಅವರ ಬಗ್ಗೆ ಒಂದು ಸಾಲು ಬರೆಯಬೇಕು. ನಿರ್ದೇಶಕಿಯ ಚಿತ್ರದ ಕೆಳಗೆ 'ಮೈಕು ಬೇಡದ ಮಹಾತಾಯಿ' ಅಂತಿತ್ತು. ಮಸಿ ಹಲ್ಲುನೋವು, ತಲೆನೋವು ಅಂತ ಹೇಳಿ ತಪ್ಪಿಸಿಕೊಳ್ಳುತ್ತ ಬಂದಿದ್ದಳು. ನೆಪಗಳೂ ಎಷ್ಟು ದಿನ ಬಂದಾವು?

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೊರಗೆ ಹೋಗಿದ್ದರು. ಅವನು ಸ್ಟೂಲ್ ಎಳೆದುಕೊಂಡು ಗೋಡೆಯ ಪಕ್ಕ ಕೂತ.

"ಇವತ್ತು ಬಿಡೋದಿಲ್ಲ. ಯಾರೂ ಇಲ್ಲ, ನಾನೊಬ್ಬನೇ. ನಾನು ನಿಮ್ಗೆ ಹೇಗೆ ಕಾಣ್ತೀನೋ ಹಾಗೇ ಬರೀರಿ."

ಬೇಡ ಅನ್ನಬೇಕಿತ್ತು. ಆದರೆ ಅವನು ಕತ್ತೆತ್ತಿ ಅವಳನ್ನೇ ನೋಡುತ್ತಿದ್ದ. ಯಾವುದೋ ಮಾತಿಗಾಗಿ ಕಾಯುತ್ತಿರುವವನ ಹಾಗೆ. ಅವಳಿಗೂ ಒಂದು ಮಾತು ಹೇಳಬೇಕಿತ್ತು... ಬಾಯಲ್ಲಿ ಹೇಳಲಾಗದ್ದನ್ನು ಗೋಡೆಯ ಮೇಲಾದರೂ ಬರೆಯಬಹುದಲ್ಲ?

ಬರೆದಳು. ಕಣ್ಣು ಬರೆದಳು, ಮೂಗು ಬರೆದಳು, ಕಿವಿಯ ಹಿಂದಿನ ಪೆನ್ಸಿಲನ್ನೂ ಬಿಡಲಿಲ್ಲ. ಅವನು ಇಷ್ಟು ಹತ್ತಿರ, ಅದರ ಮೇಲೆ ನೋಡುತ್ತ ಬೇರೆ ಕೂತಿದ್ದಾನೆ! ಕೈ ಹಿಂದೆಂದೂ ನಡುಗದಷ್ಟು ನಡುಗಿತು. ಕೆಳಗಿನ ಸಾಲು ಬರೆಯುವಾಗ ಅಕ್ಷರಗಳೂ ಕುಣಿದವು: 'ಇಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವರು.'

ಬರೆದು ಪೆನ್ನು ಕೆಳಗಿಟ್ಟು, ಪಕ್ಕಕ್ಕೆ ಸರಿದಳು.

ಅವನು ಎದ್ದು ನೋಡಿದ. ನಗುತ್ತ ನೋಡಲು ಶುರು ಮಾಡಿದವನ ನಗು ಅರ್ಧಕ್ಕೇ ನಿಂತಿತು. ಬೆರಳು ತಾನಾಗಿ ಮೇಲೆದ್ದು ಚಿತ್ರದ ಕೆನ್ನೆಯ ಗೆರೆಯನ್ನು ಮುಟ್ಟಿ, ಅಲ್ಲಿಂದ ಕೆಳಗಿನ ಸಾಲಿಗೆ ಇಳಿಯಿತು.

"ಓ," ಅಂದ.

ಅಷ್ಟೇ! ಮುಖ ಸಪ್ಪಗಾಗಿಹೋಗಿತ್ತು. "ಥ್ಯಾಂಕ್ಸ್, ಮೇಡಂ," ಅಂತ ಬಾಗಿಲು ದಾಟಿ ಹೋಗೇಬಿಟ್ಟ.

ಮೇಡಂ!

'ಗೊತ್ತಾಯ್ತು. ಕೈ ನೋಡಿದ. ಇವಳ ಕತೆ ಮುಗೀತು ಅಂದ್ಕೊಂಡ.' ಮಸಿ ಅಲ್ಲೇ ಸಿಂಕಿನ ಅಂಚು ಹಿಡಿದು ನಿಂತಳು.

ಅವನು ಅಂದುಕೊಂಡದ್ದೇ ಬೇರೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ತಾನೇ ಕಂಡುಹಿಡಿದ ನಿಯಮವನ್ನು ಅಷ್ಟು ದಿನ ಹಗಲಿಡೀ ಪಾಠ ಮಾಡಿದವನಿಗೆ ಆ ಗೋಡೆ ಒಂದೇ ಮಾತು ಹೇಳಿತ್ತು. ಇದು ಸುಳ್ಳು. ಮನಸ್ಸಿಲ್ಲದೆ, ಮುಖ ನೋಡಿ ಬರೆದದ್ದು.

ಮಾರನೆಯ ದಿನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಯಾರೋ ಬೇರೆಯವರು ಕೂತಿದ್ದರು.

* * *

ಮುಂದಿನ ವಾರ ಕೊನೆಯ ದೃಶ್ಯದ ಬಗ್ಗೆ ಮೀಟಿಂಗ್.

ಗೋಡೆಯ ಮೇಲೆ ಪುಸ್ತಕದ ಕೊನೆಯ ಪುಟ. ಹುಡುಗಿ ಕೊನೆಗೂ ಕೊಡೆಯನ್ನು ಕೌಂಟರಿನ ಮೇಲಿಟ್ಟು ಹುಡುಗನಿಗೆ ಹೇಳುತ್ತಾಳೆ: "ಕೊಡೆ ಸಿಕ್ತಲ್ಲ, ಇನ್ನು ಬರೋಕೆ ನಿಮಗೆ ಕಾರಣ ಇಲ್ಲ. ಆದ್ರೂ ನಾಳೆ ಬನ್ನಿ. ನಾನು ಕಾಯ್ತಿರ್ತೀನಿ."

ಮಸಿ ಆ ಪುಟವನ್ನು ಎಲ್ಲಕ್ಕಿಂತ ಕೊನೆಗೆ ಬರೆದಿದ್ದಳು. ಬಲಗೈಯನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಅಳುತ್ತ ಬರೆದಿದ್ದಳು. ಇಡೀ ಪುಸ್ತಕದಲ್ಲಿ ಅಷ್ಟು ನಡುಗುವ ಪುಟ ಇನ್ನೊಂದಿಲ್ಲ.

ಗೆರೆ ಮೇಷ್ಟ್ರು ಅವಳ ಕಡೆ ತಿರುಗಲಿಲ್ಲ. ಗೋಡೆಗೇ ಹೇಳಿದಂತೆ ಹೇಳಿದ.

"ಇಲ್ಲಿವರೆಗೆ ಇದೊಂದು ಪುಟ ನಮ್ಮ ನಿಯಮಕ್ಕೆ ಹೊರತು ಅಂತ ಬಿಟ್ಟಿದ್ವಿ. ಇಲ್ಲಿ ಗೆರೆ ಎಲ್ಲಾ ಕಡೆಗಿಂತ ಜಾಸ್ತಿ ನಡುಗುತ್ತೆ. ಅಂದ್ರೆ... 'ಕಾಯ್ತಿರ್ತೀನಿ' ಅನ್ನೋದೂ ಸುಳ್ಳು. ಅವಳಿಗೆ ಅವನ ಮೇಲೆ ಪ್ರೀತಿನೇ ಇಲ್ಲ. ಹೊತ್ತು ಕಳೆಯೋಕೆ ಅವನನ್ನ ಆಡಿಸ್ತಿದ್ಲು."



"ಅಯ್ಯೋ ದೇವರೇ!" ನಿರ್ದೇಶಕಿ ಮೇಜು ಗುದ್ದಿದಳು. "ಎಂಥಾ ಏಟು! ಜನ ಎದ್ದು ಹೋಗೋಕೂ ಆಗದೆ ಕೂತ್ಬಿಡ್ತಾರೆ! ಏನೇ ಹುಡುಗಿ, ಇಷ್ಟು ದಿನ ಬಾಯಿ ಬಿಡಲಿಲ್ವಲ್ಲ! ಅದೇನಾ ನೀನು ಅಂದ್ಕೊಂಡಿದ್ದು?"

'ಅಲ್ಲ! ಅವಳು ಪ್ರಾಣಾನೇ ಇಟ್ಕೊಂಡಿದಾಳೆ ಅವನ ಮೇಲೆ!'

ಅಲ್ಲ ಅಂದರೆ ಮುಂದಿನ ಪ್ರಶ್ನೆ ಏನು ಅಂತ ಅವಳಿಗೆ ಗೊತ್ತಿತ್ತು. ಹಾಗಾದರೆ ಗೆರೆ ಯಾಕೆ ನಡುಗಿತು? ಮೇಜಿನ ಕೆಳಗೆ ಬಲಗೈ ಮಂಡಿಗೆ ಬಡಿಯುತ್ತಿತ್ತು.

ಆಗ ಅವನು ತಿರುಗಿ ನೋಡಿದ. ಅಲ್ಲ ಅನ್ನಲಿ ಅಂತಲೇ ಕಾಯುತ್ತಿದ್ದನೇನೋ. ಅವಳಿಗೆ ಆ ಕಣ್ಣಲ್ಲಿ ಕಂಡದ್ದು ಬರೀ ಕೋಪ.

"...ಹೂಂ," ಅಂದಳು.

ಆಮೇಲೆ ಕೆಲಸ ಬಿರುಸಿನಿಂದ ಸಾಗಿತು. ಹುಡುಗ ಹೋದ ಮೇಲೆ ಹುಡುಗಿ ಕೌಂಟರಿನ ಕಿಟಕಿ ಎಳೆದು, ತುಟಿಯ ಅಂಚಿನಲ್ಲಿ ತಣ್ಣಗೆ ನಗುವ ಹಾಗೆ ಹೊಸ ಚಿತ್ರಗಳು ಬಂದವು. ಅವುಗಳನ್ನು ಓಡಿಸಿ ತೋರಿಸಿದ ದಿನ ಮಸಿ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಅಕ್ಕನ ಮಂಚದ ಮೇಲೆ ಕುಸಿದಳು.

"ಅವಳನ್ನ ಸಾಯಿಸಿಬಿಟ್ಟೆ, ಅಕ್ಕ. ಅವಳು ಅಂಥವಳಲ್ಲ. ನನ್ನ ಮಾನ ಉಳಿಸ್ಕೊಳ್ಳೋಕೆ ಅವಳ ಮಾನ ತೆಗೆದೆ."

ಅಕ್ಕ ಈ ಸಲ ಛೇಡಿಸಲಿಲ್ಲ. ತಂಗಿಯ ಬಲಗೈಯನ್ನು ತನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡಳು.

"ಅಪ್ಪ ಲೋಟ ಹಿಡಿಯೋಕಾಗದೆ ನೆಂಟರ ಮುಂದೆ ಕಾಫೀನೇ ಬಿಟ್ಬಿಟ್ರು, ನೆನಪಿದ್ಯಾ? 'ನಂಗೆ ಸೇರಲ್ಲ' ಅಂತಿದ್ರು. ಎಷ್ಟು ಇಷ್ಟ ಇತ್ತು ಅವರಿಗೆ ಕಾಫಿ! ಕೊನೇ ತನಕ ಮುಚ್ಚಿಟ್ರು. ನೀನು ಏನೇನು ಬಿಡ್ತಾ ಹೋಗ್ತೀಯ, ಮಸಿ?"

* * *

ಕೊನೆಯ ದೃಶ್ಯಕ್ಕೆ ದನಿ ಕೊಡಿಸುವ ದಿನ ಬಂತು.

ಗಾಜಿನ ಆಚೆ ದನಿ ಕೊಡುವ ನಟಿ. ಈಚೆ ನಿರ್ದೇಶಕಿ, ಗೆರೆ ಮೇಷ್ಟ್ರು, ಮೂಲೆಯ ಕುರ್ಚಿಯಲ್ಲಿ ಮಸಿ. ನಟಿ ಎಷ್ಟು ಸಲ ಹೇಳಿದರೂ ನಿರ್ದೇಶಕಿಗೆ ಸಮಾಧಾನವಿಲ್ಲ.

"ಪ್ರೀತಿ ಬೇಡಮ್ಮ! ಸುಳ್ಳು ಬೇಕು, ಸುಳ್ಳು! ಒಳಗೆ ನಗ್ತಿದಾಳೆ ಅವಳು!"

"ಬರ್ತಿಲ್ಲ ಮೇಡಂ," ನಟಿ ಕಿವಿಯ ಮೇಲಿನ ಹೆಡ್‌ಫೋನ್ ಸರಿಸಿದಳು. "ಈ ಮಾತನ್ನ ಸುಳ್ಳಾಗಿ ಹೇಳೋಕೆ ನಂಗೆ ಬಾಯೇ ಬರ್ತಿಲ್ಲ. ಇನ್ನೊಂದ್ಸಲ ನೋಡ್ತೀನಿ."

ಮತ್ತೊಮ್ಮೆ ಪ್ರಯತ್ನಿಸಿದಳು. ಈ ಸಲ ಬಂದೇ ಬಂತು! "ನಾನು ಕಾಯ್ತಿರ್ತೀನಿ..." ಸಿಹಿಯಾಗಿ, ತೆಳ್ಳಗೆ, ವಿಷದ ಹಾಗೆ.

"ಇದೇ! ಇದೇ ಓಕೆ!"

"ಅಲ್ಲ!"

ಎಲ್ಲರೂ ತಿರುಗಿ ನೋಡಿದರು. ಎದ್ದು ನಿಂತದ್ದು ಯಾವಾಗ ಅಂತ ಮಸಿಗೇ ಗೊತ್ತಿರಲಿಲ್ಲ.

"ಅದು ಸುಳ್ಳಲ್ಲ. ಅವಳು ನಿಜ ಹೇಳ್ತಿದಾಳೆ. ಇಡೀ ಪುಸ್ತಕದಲ್ಲಿ ಅದಕ್ಕಿಂತ ನಿಜ ಬೇರೆ ಇಲ್ಲ."

"ಏನಮ್ಮ ಇದು?" ನಿರ್ದೇಶಕಿಯ ಗಂಟಲು ಏರಿತು. "ನೀನೇ ಹೂಂ ಅಂದೆ. ಗೆರೆ ನಡುಗ್ತಿಲ್ವಾ?"

"ನಡುಗಿದ್ದು ಗೆರೆ ಅಲ್ಲ..."

ಅವಳು ಬಲಗೈಯನ್ನು ಚೀಲದಿಂದ ಹೊರಗೆ ತೆಗೆದು ಎಲ್ಲರ ಮುಂದೆ ಚಾಚಿದಳು. ದೀಪದ ಕೆಳಗೆ ಕೈ ಗಡಗಡ ನಡುಗಿತು. ಮುಚ್ಚಿಕೊಳ್ಳಬೇಕು ಅನ್ನಿಸಿತು, ಮುಚ್ಚಿಕೊಳ್ಳಲಿಲ್ಲ.

"ಕಾಯಿಲೆ. ಪುಸ್ತಕ ಬರೆಯುವಾಗಲೇ ಬಂತು. ಸುಳ್ಳಿನ ಪುಟಗಳನ್ನ, ಈ ಕೊನೇ ಪುಟಾನ ಕಡೆಗೆ ಬರ್ದೆ, ಅದಕ್ಕೇ ಅಲ್ಲೆಲ್ಲ ನಡುಕ. ನಿಯಮ ಗಿಯಮ ಏನೂ ಇರ್ಲಿಲ್ಲ. ನಂಗೆ ನೇರ ಗೆರೆ ಎಳೆಯೋಕೆ ಬರಲ್ಲ, ಅಷ್ಟೇ. ಮೊದಲ ದಿನಾನೇ ಹೇಳ್ಬೇಕಿತ್ತು. ಹೆದರಿಕೊಂಡೆ... ಈಗಲೂ ಹೆದರಿಕೆನೇ. ಆದ್ರೆ ಅವಳು ಮೋಸಗಾರ್ತಿ ಅಲ್ಲ. ನನ್ನಿಂದ ಅವಳಿಗೆ ಆ ಹೆಸರು ಬರೋದು ಬೇಡ."

ಗಾಜಿನ ಆಚೆ ನಟಿ ಬಾಯಿ ಮೇಲೆ ಕೈಯಿಟ್ಟುಕೊಂಡಿದ್ದಳು.

"ಇಷ್ಟು ತಿಂಗಳ ಕೆಲಸ!" ನಿರ್ದೇಶಕಿ ತಲೆಯ ಮೇಲೆ ಕೈಹೊತ್ತು ಕುಸಿದಳು. "ಇಷ್ಟು ತಿಂಗಳು ನಮ್ಮನ್ನೆಲ್ಲ... ಆ ಕೈನ ನಾನು ಕ್ಯಾಮೆರಾ ಮುಂದೆ ಕೂರಿಸ್ತೀನಿ ಅಂತಿದ್ನಲ್ಲೇ!"

ಗೆರೆ ಮೇಷ್ಟ್ರು ಆ ಕೈಯನ್ನೇ ನೋಡಿದ. ಬಣ್ಣಗೆಟ್ಟ ಮುಖ ಹೊತ್ತು ಎದ್ದು, ಕುರ್ಚಿಗೆ ಎಡವಿ, ಬಾಗಿಲು ತೆಗೆದುಕೊಂಡು ಹೊರಟುಹೋದ.

ಮಸಿ ಅವನ ಹಿಂದೆಯೇ ಹೊರಟಳು.

* * *

ಅವನು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದ. ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು. ಎದುರಿನ ಅಂಗಡಿಯವನು ಷಟರ್ ಅರ್ಧ ಇಳಿಸಿ ನಿದ್ದೆ ಹೊಡೆಯುತ್ತಿದ್ದ. ಮಸಿ ಒಂದು ಮೆಟ್ಟಿಲು ಕೆಳಗೆ ಕೂತಳು. ಓಡಿಹೋಗಬೇಕು ಅನ್ನಿಸುತ್ತಿತ್ತು, ಆದರೂ ಕೂತಳು.

"ಬೈದುಬಿಡಿ," ಅಂದಳು. "ನಿಮ್ಮ ಕೆಲಸ ಎಲ್ಲಾ ಹಾಳು ಮಾಡ್ದೆ. ನೀವು ಮೆಚ್ಕೊಂಡಿದ್ದು ನನ್ನ ಕಾಯಿಲೇನ. ನಾಳೆ ಪ್ರಕಾಶಕರಿಗೂ ಹೇಳ್ತೀನಿ. ಎರಡನೇ ಪುಸ್ತಕ ಬರುತ್ತೋ ಇಲ್ವೋ, ಗೊತ್ತಿಲ್ಲ..."

"ಗೋಡೆ ಮೇಲಿಂದು?" ಅವನು ಬೀದಿ ನೋಡುತ್ತಲೇ ಕೇಳಿದ.

"ಯಾವುದು?"

"ಚಹಾ ಕೋಣೇಲಿ. ನನ್ನ ಚಿತ್ರ. ಕೆಳಗೆ ಬರ್ದಿದ್ದು... ಅದೂ ನಡುಗಿತ್ತು."

ಮಸಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಅರ್ಥವಾದಾಗ ಬಾಯಿ ತೆರೆದದ್ದು ಹಾಗೇ ನಿಂತಿತು.

"ಅದನ್ನ ನೀವು ಸುಳ್ಳು ಅಂದ್ಕೊಂಡ್ರಾ?!"

"ಮತ್ತೇನು ಅಂದ್ಕೋಬೇಕಿತ್ತು? ಸುಳ್ಳಾದ್ರೆ ನಡುಕ ಅಂತ ಹಲಗೆ ಮೇಲೆ ಬರ್ದೋನೇ ನಾನು!" ಅವನು ಎರಡೂ ಕೈಯಲ್ಲಿ ಕೂದಲು ಹಿಡಿದುಕೊಂಡ. "ಇವರಿಗೆ ನನ್ನ ಕಂಡ್ರೆ ಅಷ್ಟಕ್ಕಷ್ಟೆ, ಸುಮ್ನೆ ಮರ್ಯಾದೆಗೆ ಬರ್ದಿದಾರೆ ಅಂದ್ಕೊಂಡೆ. ಆ ಸಿಟ್ಟಿಗೇ ಕೊನೇ ಪುಟನೂ ಸುಳ್ಳು ಅಂತ ಓದಿದೆ. ಆ ಹುಡುಗೀನ ಕೆಡಿಸಿದ್ದು ನೀವಲ್ಲ ರೀ, ನಾನು! ಅದಕ್ಕೇ ಒಳಗೆ ಕೂರೋಕಾಗಲಿಲ್ಲ. ನಿಮ್ಮ ಮುಖ ನೋಡೋಕೆ ನಾಚಿಕೆ ಆಯ್ತು."

"ನಾನು... ನನ್ನ ಕೈ ನೋಡಿ ನಿಮ್ಗೆ ಬೇಡ ಅನ್ನಿಸ್ತು ಅಂದ್ಕೊಂಡೆ."

"ಕೈ ಎಲ್ಲಿ ನೋಡ್ದೆ? ನಾನು ನೋಡ್ತಿದ್ದಿದ್ದು ನಿಮ್ಮ ಮುಖಾನ."

ಗೆರೆ ಗೆರೆಯನ್ನೂ ಅಳೆದು ತೂಗಿ ನೋಡುವ ಇಬ್ಬರು, ಎದುರಿಗಿದ್ದ ಮನುಷ್ಯರನ್ನೇ ಸರಿಯಾಗಿ ನೋಡಿರಲಿಲ್ಲ ನೋಡಿ!

"ನೋವಾಗುತ್ತಾ?" ಅವನು ಮೆಲ್ಲಗೆ ಕೇಳಿದ.

"ಇಲ್ಲ. ಯಾರಾದ್ರೂ ನೋಡಿದ್ರೆ ಜಾಸ್ತಿಯಾಗುತ್ತೆ, ಅಷ್ಟೇ."

"ನಾನು ನೋಡಿದ್ರೆ?"

"ಎಲ್ಲರಿಗಿಂತ ಜಾಸ್ತಿ." ಹೇಳಿಬಿಟ್ಟು ಅವಳು ನಾಲಿಗೆ ಕಚ್ಚಿಕೊಂಡಳು.

ಬಾಗಿಲು ದಡಾರನೆ ತೆರೆಯಿತು. ನಿರ್ದೇಶಕಿ! ಕಣ್ಣು ಕೆಂಪಗಿತ್ತು, ಕೋಪಕ್ಕೋ ಅತ್ತದ್ದಕ್ಕೋ ತಿಳಿಯುವಂತಿರಲಿಲ್ಲ.

"ಆ ತಣ್ಣನೆ ನಗು ತೆಗೀತಿದೀನಿ. ಹಲಗೆ ಮೇಲಿದ್ದಿದ್ದನ್ನ ನಾನೇ ಒರೆಸಿ ಬಂದೆ. ನಡುಕ ಮಾತ್ರ ಪುಸ್ತಕದಲ್ಲಿರೋ ಹಾಗೇ ಇರುತ್ತೆ, ಎಲ್ಲೆಲ್ಲಿ ಇದ್ಯೋ ಅಲ್ಲೆಲ್ಲ. ಕಾರಣ ಏನಾದ್ರೂ ಇರಲಿ, ಗೆರೆ ಇವಳದೇ ತಾನೇ? ಕ್ಯಾಮೆರಾ ಮುಂದೆ ಬರೀತಾಳೋ ಬಿಡ್ತಾಳೋ, ಅದು ಅವಳಿಷ್ಟ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಹೇಳಿರ್ತೀನಿ!" ಅಂದವಳೇ ಬಾಗಿಲು ತೆರೆದೇ ಬಿಟ್ಟು ಒಳಗೆ ಹೋದಳು.

ಒಳಗಿನಿಂದ ನಟಿಯ ದನಿ ಕೇಳಿಸಿತು. ಈ ಸಲ ಯಾರೂ ಏನೂ ಹೇಳಿಕೊಡದೆ, ತನಗೆ ತೋಚಿದ ಹಾಗೆ ಹೇಳುತ್ತಿದ್ದಳು. "ಆದ್ರೂ ನಾಳೆ ಬನ್ನಿ..."

ಅವನು ಒಂದು ಮೆಟ್ಟಿಲು ಇಳಿದು ಅವಳ ಪಕ್ಕ ಕೂತ. ಗಂಟಲು ಸರಿಮಾಡಿಕೊಂಡ. ಮತ್ತೆ ಸರಿಮಾಡಿಕೊಂಡ.

"ರೀ... ನಂಗೆ... ನಂಗೆ ನೀವಂದ್ರೆ ತುಂಬಾ ಇಷ್ಟ. ಪುಸ್ತಕ ಅಲ್ಲ, ಗೆರೆ ಅಲ್ಲ. ನೀವು."

ಮಸಿ ಅವನನ್ನೇ ನೋಡಿದಳು. ಇಷ್ಟು ದಿನದ ಭಯ ಪೂರ್ತಿ ಹೋಗಿರಲಿಲ್ಲ. ಆದರೂ ತುಟಿಯ ಮೇಲೆ ನಗು ಬಂತು.

"ಮೇಷ್ಟ್ರೇ, ನಿಮ್ಮ ದನಿ ನಡುಗ್ತಿದೆ."

"ಗೊತ್ತು."

"ನಿಮ್ಮ ನಿಯಮದ ಪ್ರಕಾರ ಇದು ಸುಳ್ಳಾಗಬೇಕಲ್ಲ?"

"ಆ ನಿಯಮ ಮಾಡಿದವನು ದಡ್ಡ ರೀ. ಹೆದರಿಕೆಯಾದ್ರೂ ನಡುಗುತ್ತೆ ಅಂತ ಅವನಿಗೆ ಗೊತ್ತಿರಲಿಲ್ಲ."

ಅವನು ಅಂಗೈ ಚಾಚಿದ. ಅವಳು ಎಡಗೈ ಮುಂದೆ ತಂದಳು. ಅವನು ತಲೆಯಾಡಿಸಿದ.

"ಅದಲ್ಲ. ಇನ್ನೊಂದು."

ಅವಳು ಬಲಗೈ ಕೊಟ್ಟಳು. ಅದು ಅವನ ಕೈಯೊಳಗೂ ನಡುಗುತ್ತಲೇ ಇತ್ತು. ಅವನು ನಿಲ್ಲಿಸಲು ಹೋಗಲಿಲ್ಲ, ಗಟ್ಟಿಯಾಗಿ ಅದುಮಲೂ ಇಲ್ಲ. ಸುಮ್ಮನೆ ಹಿಡಿದುಕೊಂಡ.

"ನಿಲ್ಲಲ್ಲ ಇದು," ಅಂದಳು ಮಸಿ.

"ಬೇಡ ಬಿಡಿ. ನಾನೇನು ಎದ್ದು ಹೋಗ್ತಿದೀನಾ?"